ಚೆರ್ರಿ ಕಾಫಿಗೆ ಬಂದ ಮರ್ಯಾದೆ

ನಮ್ಮ ಅಡುಗೆಮನೆ ಕಟ್ಟೆ ಮೇಲೆ ಈಗ ಎರಡು ಕಾಫಿಪುಡಿ ಇವೆ. ಒಂದು ಮೈಸೂರಿನ ಅಗ್ರಹಾರದ ಕಾಫಿಪುಡಿ ಅಂಗಡಿಯದು. ಕಂದು ಕವರ್, ಮೇಲೆ ಬಾಲ್‌ಪೆನ್ನಿನಲ್ಲಿ '80-20' ಅಂತ ಗೀಚಿದ್ದಾರೆ, ಅಷ್ಟೇ. ಇನ್ನೊಂದು ಮಗಳು ಗೋಕುಲಂನ ಒಂದು ಕೆಫೆಯಿಂದ ತಂದದ್ದು. ಕಪ್ಪು ಜಿಪ್ ಕವರ್. ಅದರ ಮೇಲೆ ಜಾತಕದಷ್ಟು ವಿವರ ಇದೆ. ತೋಟದ ಹೆಸರು, ಸಮುದ್ರಮಟ್ಟದಿಂದ 1,150 ಮೀಟರ್, ಸೆಲೆಕ್ಷನ್ 795, ನ್ಯಾಚುರಲ್, ಮೀಡಿಯಂ ಲೈಟ್ ರೋಸ್ಟ್, ಹುರಿದ ತಾರೀಖು. ಕೊನೆಗೆ 'ಒಣದ್ರಾಕ್ಷಿ, ಹಲಸು, ಬೆಲ್ಲ'. 250 ಗ್ರಾಂಗೆ 620 ರೂಪಾಯಿ.

ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಹಲಸಿನ ಹಣ್ಣು ಹಾಕಿದ್ದಾರಾ ಇದಕ್ಕೆ? ಈ ದುಡ್ಡಿಗೆ ನಮ್ಮ ಅಂಗಡೀಲಿ ಮುಕ್ಕಾಲು ಕೆಜಿ ಪುಡಿ ಬರ್ತಿತ್ತಲ್ಲೋ!"

ನನಗೂ ಅರ್ಧ ಅರ್ಥವಾಗಿರಲಿಲ್ಲ. ಅದರಲ್ಲೂ ಈ 'ನ್ಯಾಚುರಲ್' ಅನ್ನೋದು. ಕಾಫಿ ಅಂದಮೇಲೆ ನ್ಯಾಚುರಲ್ಲೇ ಅಲ್ವಾ, ಪ್ಲಾಸ್ಟಿಕ್ ಗಿಡದಲ್ಲಿ ಬಿಡುತ್ತದಾ? ಸೋಮವಾರಪೇಟೆ ಕಡೆ ತೋಟ ಇರುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ನಗೋದಕ್ಕೆ ಶುರು ಮಾಡಿದ. "ಅದು ಚೆರ್ರಿ ಕಣೋ. ನಿಮ್ಮಪ್ಪ ಅಂಗಡಿಗೆ ಹೋಗಿ ಬೇಡ ಅಂತಿದ್ರಲ್ಲ, ಅದೇ."

ಹೌದು, ಅಪ್ಪ ಹಾಗೇ ಹೇಳುತ್ತಿದ್ದರು. "ಪ್ಲಾಂಟೇಶನ್ ಎ ಅರ್ಧ, ಪೀಬೆರಿ ಅರ್ಧ. ಚೆರ್ರಿ ಸೇರಿಸಬೇಡಿ." ಮೈಸೂರಿನಲ್ಲಿ ಬೆಳೆದ ಬಹಳ ಜನ ಈ ಮಾತು ಕೇಳಿಕೊಂಡೇ ಬೆಳೆದಿರುತ್ತಾರೆ. ಅಂಗಡಿಯ ಬೀದಿಗೆ ತಿರುಗುವ ಮೊದಲೇ ಹುರಿದ ವಾಸನೆ, ಮಿಷನ್ನಿನ ಸದ್ದು, "ಚಿಕೋರಿ ಎಷ್ಟು ಹಾಕ್ಲಿ ಸಾರ್?" ಅನ್ನುವ ಪ್ರಶ್ನೆ. ಅಪ್ಪ ಬೇಡ ಅಂದಿದ್ದಕ್ಕೆ ಮಗಳು ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು ಕೊಟ್ಟು ಬಂದಿದ್ದಾಳೆ. ನಡುವೆ ಏನಾಯಿತು? ಇವತ್ತು 'ಸ್ಪೆಷಾಲಿಟಿ ಕಾಫಿ' (ರುಚಿ ನೋಡಿ ಅಂಕ ಹಾಕಿದ ಮೇಲ್ದರ್ಜೆ ಕಾಫಿ) ಅನ್ನುವುದೆಲ್ಲ ಹೆಚ್ಚುಕಡಿಮೆ ಈ ಒಂದು ಪ್ರಶ್ನೆಯಲ್ಲೇ ಇದೆ.

ಮೊದಲು ಹಣ್ಣು ನೋಡೋಣ. ಕಾಫಿ ಹಣ್ಣಿಗೆ ಮೇಲೆ ಕೆಂಪು ಸಿಪ್ಪೆ. ಒಳಗೆ ಸಿಹಿ ಲೋಳೆ. ಅದರೊಳಗೆ ಕಾಗದದಂಥ ಹೊಟ್ಟು, ಅದನ್ನೇ ಪಾರ್ಚ್‌ಮೆಂಟ್ ಅನ್ನೋದು. ಅದರೊಳಗೆ ಬೆನ್ನಿಗೆ ಬೆನ್ನು ಅಲ್ಲ, ಹೊಟ್ಟೆಗೆ ಹೊಟ್ಟೆ ತಾಗಿಸಿ ಮಲಗಿದ ಎರಡು ಬೀಜ. ಎರಡರ ಬದಲು ಒಂದೇ ಬೀಜ ಗುಂಡಗೆ ಬೆಳೆದರೆ ಅದು ಪೀಬೆರಿ.

ಕಿತ್ತ ಹಣ್ಣನ್ನು ಎರಡು ದಾರಿಯಲ್ಲಿ ಒಣಗಿಸಬಹುದು. ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಲೋಳೆಯನ್ನು ತೊಟ್ಟಿಯಲ್ಲಿ ಹುಳಿ ಬರಿಸಿ ತೊಳೆದು, ಹೊಟ್ಟಿನ ಸಮೇತ ಬೀಜ ಒಣಗಿಸುವುದು ಒಂದು ದಾರಿ. ಇದು 'ವಾಶ್ಡ್'. ಅರೇಬಿಕಾ ಅನ್ನುವ ಜಾತಿಯ ಕಾಫಿಯನ್ನು ಹೀಗೆ ಮಾಡಿದರೆ ನಮ್ಮ ವ್ಯಾಪಾರದ ಮಾತಿನಲ್ಲಿ ಅದಕ್ಕೆ 'ಪ್ಲಾಂಟೇಶನ್' ಅಂತ ಹೆಸರು. ಅಪ್ಪ ಕೇಳುತ್ತಿದ್ದ ಪ್ಲಾಂಟೇಶನ್ ಎ ಇದೇ. ಇನ್ನೊಂದು ದಾರಿ, ಹಣ್ಣನ್ನು ಇಡಿಯಾಗಿ ಕಣದಲ್ಲಿ ಹರಡಿ ಒಣಗಿಸಿ ಆಮೇಲೆ ಸಿಪ್ಪೆ ಬಿಡಿಸುವುದು. ಇದು ಚೆರ್ರಿ. ಇಂಗ್ಲಿಷ್ ಪ್ಯಾಕೆಟ್ಟಿನಲ್ಲಿ ನ್ಯಾಚುರಲ್. ಎರಡರ ನಡುವೆ ಸಿಪ್ಪೆ ತೆಗೆದು ಲೋಳೆ ಹಾಗೇ ಉಳಿಸಿ ಒಣಗಿಸಿದರೆ 'ಹನಿ'. ಜೇನಿಗೂ ಅದಕ್ಕೂ ಸಂಬಂಧ ಇಲ್ಲ, ಮುಟ್ಟಿದರೆ ಅಂಟುತ್ತದೆ ಅಂತ ಆ ಹೆಸರು.

ಚೆರ್ರಿ ಯಾಕೆ ಅಗ್ಗ ಆಗಿತ್ತು ಅಂದರೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಳ್ಳೆ ಹಣ್ಣೆಲ್ಲ ಪಲ್ಪರ್‌ಗೆ. ಉಳಿದ ಕಾಯಿ, ಅರೆಹಣ್ಣು, ಗಿಡದಲ್ಲೇ ಒಣಗಿದ್ದು, ನೆಲಕ್ಕೆ ಬಿದ್ದದ್ದು ಎಲ್ಲ ಕಣಕ್ಕೆ. ದಪ್ಪಗೆ ಹರಡಿ ಸುಮ್ನೆ ಬಿಟ್ಟರೆ ಅಡಿಯ ಹಣ್ಣು ಬಿಸಿಯಾಗಿ ಕೊಳೆಯುತ್ತದೆ. ನಡುವೆ ಒಂದು ಅಕಾಲದ ಮಳೆ ಬಿದ್ದರೆ ಬೂಸಲು. ಆ ವಾಸನೆ ಲೋಟದ ತನಕ ಬರುತ್ತದೆ. ಅಪ್ಪನ ಮೂಗು ತಪ್ಪು ಹೇಳಿರಲಿಲ್ಲ.

ತಲೆ ಕೆಡಿಸಿಕೊಳ್ಳದೆ ಇರೋದಕ್ಕೆ ಒಂದು ಕಾರಣವೂ ಇತ್ತು. 1940ರ ದಶಕದಿಂದ ಹತ್ತಿರ ಹತ್ತಿರ ಐವತ್ತು ವರ್ಷ ಬೆಳೆಗಾರರು ತಮ್ಮ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡ್‌ಗೇ ಕೊಡಬೇಕಿತ್ತು. ಪೂಲ್ ಅಂತ ಕರೆಯುತ್ತಿದ್ದರು. ನಿಮ್ಮ ತೋಟದ್ದು, ಪಕ್ಕದ ತೋಟದ್ದು, ಆಚೆ ಊರಿನದು ಎಲ್ಲ ದರ್ಜೆ ಪ್ರಕಾರ ಒಂದೇ ರಾಶಿಗೆ. ದುಡ್ಡು ಕಂತಿನಲ್ಲಿ. ಬೆಲೆ ಬಿದ್ದಾಗ ಸಣ್ಣ ಬೆಳೆಗಾರನನ್ನು ಅದು ಕಾಪಾಡಿದ್ದು ನಿಜ. ಆದರೆ ತೋಟದ ಹೆಸರು ರಾಶಿಗೆ ಬಿದ್ದಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಜೋಪಾನವಾಗಿ ಒಣಗಿಸಿದೆ ಅಂತ ಹೇಳಿಕೊಳ್ಳೋಕೆ ಜಾಗವೇ ಇರಲಿಲ್ಲ. 1990ರ ದಶಕದಲ್ಲಿ ಈ ಪದ್ಧತಿ ಹಂತಹಂತವಾಗಿ ಸಡಿಲವಾಯಿತು. 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು ಅಂತಾಯಿತು. ಮಗಳು ತಂದ ಪ್ಯಾಕೆಟ್ ಮೇಲೆ ತೋಟದ ಹೆಸರು ಇದೆಯಲ್ಲ, ಅದರ ಬೇರು ಇಲ್ಲಿದೆ. ಯಂತ್ರ, ಕಪ್‌ಗಳು, ಕೆಫೆಯ ಹಳದಿ ದೀಪ ಎಲ್ಲ ಆಮೇಲೆ ಬಂದದ್ದು.

ಈಗ ಅದೇ ಚೆರ್ರಿಯನ್ನು ಗೆಳೆಯ ಹೇಗೆ ಮಾಡುತ್ತಾನೆ ಕೇಳಿ. ಹೋದ ಜನವರಿಯಲ್ಲಿ ಹೋಗಿ ನೋಡಿ ಬಂದೆ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿದರೆ ಕಾಫಿ ನಾಡೇ ಶುರು. ಕಾಫಿ ಕುಯ್ಲು ನಡೆಯುತ್ತಿತ್ತು. ಒಂದೇ ಗಿಡಕ್ಕೆ ನಾಲ್ಕೈದು ಸಲ ಹೋಗುತ್ತಾರೆ, ಪ್ರತಿ ಸಲ ಪೂರ್ತಿ ಕೆಂಪಾದದ್ದು ಮಾತ್ರ. ಬಂದ ಹಣ್ಣನ್ನು ನೀರಿಗೆ ಹಾಕುತ್ತಾರೆ. ಜೊಳ್ಳು ತೇಲುತ್ತದೆ, ತೆಗೆದು ಬೇರೆ ಇಡುತ್ತಾರೆ. ಎರಡು ಹಣ್ಣು ಹಿಂಡಿ, ರಸದ ಒಂದು ತೊಟ್ಟನ್ನು ಸಣ್ಣ ದುರ್ಬೀನಿನಂಥ ಉಪಕರಣದ ಮೇಲೆ ಬಿಟ್ಟು ಕಣ್ಣಿಗೆ ಹಿಡಿದ. ಒಳಗೆ ಬ್ರಿಕ್ಸ್ ಅಂಕಿ ಕಾಣುತ್ತದೆ, ಅಂದರೆ ಸಕ್ಕರೆ ಎಷ್ಟಿದೆ ಅಂತ. ಮಂಡ್ಯದ ಕಬ್ಬಿನವರಿಗೆ ಇದು ಹೊಸದಲ್ಲ, ಕಬ್ಬಿನ ಹಾಲಿಗೂ ಇದೇ ಅಳತೆ.

ಆಮೇಲೆ ಹಣ್ಣು ನೆಲದ ಕಣಕ್ಕೆ ಹೋಗಲಿಲ್ಲ. ಸೊಂಟದೆತ್ತರಕ್ಕೆ ಮಂಚದ ಹಾಗೆ ಕಟ್ಟಿದ ಬಲೆ ಮೇಲೆ ಒಂದೇ ಪದರ. ಅಡಿಯಿಂದಲೂ ಗಾಳಿ ಆಡಬೇಕು. ದಿನಕ್ಕೆ ಹಲವು ಸಲ ಕೈಯಲ್ಲಿ ತಿರುವುತ್ತಾರೆ, ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚುತ್ತಾರೆ. ಮೊದಲ ದಿನದ್ದು ಕೆಂಪು, ನಾಲ್ಕನೇ ದಿನದ್ದು ಒಣದ್ರಾಕ್ಷಿ ಬಣ್ಣ, ಕೊನೆಯದು ಕರೀಕಪ್ಪು. ಕೊನೆಯ ಮಂಚದಿಂದ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದ. ಒಳಗೆ ಬೀಜ ಗಲಗಲ ಅಂತು. ಮೂರು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ತೇವಾಂಶ ಸುಮಾರು 11-12 ಪರ್ಸೆಂಟಿಗೆ ಇಳಿಯಬೇಕು. ಇಷ್ಟು ದಿನ ಸಿಪ್ಪೆ, ಲೋಳೆ ಎಲ್ಲ ಬೀಜದ ಜೊತೆಗೇ ಇರೋದರಿಂದ ಹಣ್ಣಿನ ಗುಣ ಬೀಜಕ್ಕೂ ಇಳಿಯುತ್ತದೆ. ಪ್ಯಾಕೆಟ್ ಮೇಲಿನ ಒಣದ್ರಾಕ್ಷಿ ಬರೋದು ಹೀಗೆ. ಯಾರೂ ದ್ರಾಕ್ಷಿ ಹಾಕಿಲ್ಲ, ಹಲಸೂ ಹಾಕಿಲ್ಲ. ನಂಜನಗೂಡು ರಸಬಾಳೆ ತಿಂದಾಗ ಜೇನಿನ ವಾಸನೆ ಬಂತು ಅನ್ನುತ್ತೇವಲ್ಲ, ಹಾಗೆ.

ಇದರ ಮುಂದಿನ ಹೆಜ್ಜೆ 'ಅನೇರೋಬಿಕ್'. ಈಗ ಕೆಫೆಗಳಲ್ಲಿ ಜಾಸ್ತಿ ಕಾಣುವ ಪದ. ಹಣ್ಣನ್ನು ಗಾಳಿ ಆಡದ ಡ್ರಮ್ಮಿನಲ್ಲಿ ಮುಚ್ಚಿ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ, ಹುಳಿ ಬರಿಸುತ್ತಾರೆ. ಒಳಗಿನ ಅನಿಲ ಹೊರಗೆ ಹೋಗೋಕೆ ಒಂದು ಕೊಳವೆ, ಹೊರಗಿನ ಗಾಳಿ ಒಳಗೆ ಬರೋಕಿಲ್ಲ. ಗಾಳಿ ಇದ್ದಾಗ ಬೆಳೆಯುವ ಸೂಕ್ಷ್ಮಜೀವಿಗಳೇ ಬೇರೆ, ಇಲ್ಲದಾಗ ಬೆಳೆಯುವವೇ ಬೇರೆ. ರುಚಿಯೂ ಬೇರೆ. ಇಡ್ಲಿ ಹಿಟ್ಟು ರುಬ್ಬುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಧನುರ್ಮಾಸದ ಚಳಿಗೆ ಹಿಟ್ಟು ಉಬ್ಬೋದೇ ಇಲ್ಲ, ಬೇಸಗೆಯಲ್ಲಿ ಬೆಳಗಿನ ಜಾವಕ್ಕೇ ಉಕ್ಕಿ ಹುಳಿ. ಡ್ರಮ್ಮಿನ ಹತ್ತಿರ ಥರ್ಮಾಮೀಟರ್ ಹಿಡಿದು ಕೂರುವವರ ಪಾಡೂ ಅದೇ. 2015ರಲ್ಲಿ ಆಸ್ಟ್ರೇಲಿಯಾದ ಸಾಶಾ ಸೆಸ್ಟಿಕ್ ವೈನ್ ಮಾಡುವವರಿಂದ ಇಂಥದೇ ಒಂದು ವಿಧಾನವನ್ನು ಕಾಫಿಗೆ ತಂದು ಕೆಫೆಯಲ್ಲಿ ಕಾಫಿ ಮಾಡಿಕೊಡುವವರ ವಿಶ್ವ ಬರಿಸ್ತಾ ಸ್ಪರ್ಧೆ ಗೆದ್ದರು. ಆಮೇಲೆ ಎಲ್ಲ ಕಡೆ ಡ್ರಮ್ಮುಗಳು ಬಂದವು.

ಈಗ ಇನ್ನೂ ಮುಂದೆ ಹೋಗಿ ಡ್ರಮ್ಮಿಗೆ ನಿಜವಾಗಿಯೂ ಹಣ್ಣು ಹಾಕುವವರಿದ್ದಾರೆ. ಅನಾನಸ್, ಕಿತ್ತಳೆ, ಚಕ್ಕೆ. 'ಕೋ-ಫರ್ಮೆಂಟ್' ಅಂತ ಹೆಸರು. ಇದು ಕಾಫಿಯೋ ಶರಬತ್ತೋ ಅನ್ನುವ ಜಗಳ ಪ್ರಪಂಚದ ತುಂಬ ನಡೆಯುತ್ತಿದೆ. ನನ್ನ ಮತ ಕೇಳಿದರೆ, ಒಂದು ಲೋಟ ಕುಡಿದು ಆಶ್ಚರ್ಯಪಡಬಹುದು, ಎರಡನೇ ಲೋಟ ಬೇಡ. ಹಲಸೇ ಬೇಕಿದ್ದರೆ ದೇವರಾಜ ಮಾರ್ಕೆಟ್ಟಿಗೆ ಹೋದರಾಯಿತು.

ಇನ್ನು ಆ ರುಚಿಗಳ ಪಟ್ಟಿ ಯಾರು ಬರೆಯುತ್ತಾರೆ? ಅದಕ್ಕೆ 'ಕಪ್ಪಿಂಗ್' ಅಂತ ಪದ್ಧತಿ ಇದೆ. 150 ಮಿಲಿ ನೀರಿಗೆ 8.25 ಗ್ರಾಂ ಪುಡಿ, ಒಂದೇ ಕಾಫಿಯ ಐದು ಬಟ್ಟಲು. ನೀರು ಕುದಿ ಇಳಿದು ಸುಮಾರು 93 ಡಿಗ್ರಿ. ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಕೆನೆಯಂಥ ಪುಡಿಯನ್ನು ಚಮಚದಲ್ಲಿ ಒಡೆದು ಮೂಗು ಇಡುತ್ತಾರೆ. ಸ್ವಲ್ಪ ಆರಿದ ಮೇಲೆ ಸುರ್ ಅಂತ ಸದ್ದು ಮಾಡಿ ಹೀರುತ್ತಾರೆ. ಮನೆಯಲ್ಲಿ ಹಾಗೆ ಹೀರಿದರೆ ಬೈಗುಳ ಗ್ಯಾರಂಟಿ, ಅಲ್ಲಿ ಅದೇ ಶಿಸ್ತು, ಯಾಕೆಂದರೆ ಬಾಯಿ ತುಂಬ ಹರಡಿದರೆ ಮಾತ್ರ ವಾಸನೆ ಮೂಗಿಗೆ ಹತ್ತುತ್ತದೆ. ಬೆಂಗಳೂರಿನ ಸುನಾಲಿನಿ ಮೆನನ್ ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿಗಾರ್ತಿ ಅಂತ ಹೆಸರಾದದ್ದು ಈ ಕೆಲಸದಲ್ಲೇ. ನೂರಕ್ಕೆ ಅಂಕ ಹಾಕಿ, 80 ಮುಟ್ಟಿದರೆ ಸ್ಪೆಷಾಲಿಟಿ. ಆ ಪದವನ್ನು 1974ರಲ್ಲಿ ಬಳಕೆಗೆ ತಂದವರು ಅಮೆರಿಕದ ಕಾಫಿ ವ್ಯಾಪಾರಿ ಎರ್ನಾ ನಟ್ಸನ್. ಅವರು ಹೇಳಿದ್ದು ಇಷ್ಟೇ: ಬೇರೆ ಬೇರೆ ನೆಲ, ಹವೆ ಬೇರೆ ಬೇರೆ ರುಚಿ ಕೊಡುತ್ತವೆ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ ಅಂತ ಊರು ಹಿಡಿದು ಕೊಳ್ಳುವವರಿಗೆ ಇದು ಗೊತ್ತಿದ್ದದ್ದೇ.

ಈ ಅಂಕಪಟ್ಟಿ ಪದ್ಧತಿಯೂ ಈಗ ಬದಲಾಗುತ್ತಿದೆ. ಒಂದು ಕಾಫಿಯ ರುಚಿ ಹೇಗಿದೆ ಅನ್ನೋದು ಬೇರೆ, ಅದು ನನಗೆ ಇಷ್ಟವಾಯಿತಾ ಅನ್ನೋದು ಬೇರೆ. ಹಳೆ ಪದ್ಧತಿಯಲ್ಲಿ ಎರಡೂ ಒಂದೇ ಅಂಕೆಯೊಳಗೆ ಕಲಸಿಹೋಗುತ್ತಿದ್ದವು. 2023ರಿಂದ ಅಂತರರಾಷ್ಟ್ರೀಯ ಸ್ಪೆಷಾಲಿಟಿ ಕಾಫಿ ಸಂಘ ಎರಡನ್ನೂ ಬೇರೆ ಬೇರೆ ಬರೆಯುವ ಹೊಸ ಪದ್ಧತಿ ತರುತ್ತಿದೆ. ನನಗೆ ಇದು ಒಳ್ಳೆಯ ಬದಲಾವಣೆ ಅನ್ನಿಸುತ್ತದೆ. ಬ್ಲೂಬೆರಿ ತಿನ್ನದವರಿಗೆ ಬ್ಲೂಬೆರಿ ರುಚಿ ಅಂದರೆ ಏನು ಹೊಳೆಯಬೇಕು? ಹಲಸು, ಬೆಲ್ಲ ಅಂತ ಬರೆದವರು ಯಾರೋ ನಮ್ಮ ಕಡೆಯವರೇ ಇರಬೇಕು.

ಮರ್ಯಾದೆ ಸಿಕ್ಕಿದ್ದು ಚೆರ್ರಿಗೆ ಮಾತ್ರ ಅಲ್ಲ. ಕಾಫಿಯ ಇನ್ನೊಂದು ಜಾತಿ ರೋಬಸ್ಟಾ ಕಥೆಯೂ ಅದೇ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ರೋಬಸ್ಟಾ. ಆದರೂ ಅದು ಕಹಿ, ಒರಟು, ಇನ್‌ಸ್ಟಂಟ್ ಕಾರ್ಖಾನೆಗೆ ಹೋಗುವ ಮಾಲು ಅಂತಲೇ ಲೆಕ್ಕ. ಅದರಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು, ಕಹಿಗೆ ಅದೂ ಒಂದು ಕಾರಣ. ಈಗ ಅದನ್ನೂ ಹಣ್ಣು ಆರಿಸಿ, ತೊಳೆದು, ಜೋಪಾನವಾಗಿ ಒಣಗಿಸಿದರೆ 'ಫೈನ್ ರೋಬಸ್ಟಾ' ಅಂತ ಬೇರೆ ದರ್ಜೆ, ಬೇರೆ ಅಂಕಪಟ್ಟಿ. ನಮ್ಮ 'ರೋಬಸ್ಟಾ ಕಾಪಿ ರಾಯಲ್' ಅನ್ನುವ ತೊಳೆದ ರೋಬಸ್ಟಾದ ಮೇಲ್ದರ್ಜೆಗೆ ಹೊರದೇಶಗಳಲ್ಲಿ ಮೊದಲಿಂದಲೂ ಹೆಸರಿದೆ. ಹವಾಮಾನವೂ ಅದರ ಕಡೆಗೇ ವಾಲುತ್ತಿದೆ. ಅರೇಬಿಕಾ ನಾಜೂಕಿನದು. ಬಿಸಿಲು ಏರಿದರೆ ಬಾಡುತ್ತದೆ, ಕಾಂಡಕೊರಕ ಹುಳು ಬೇರೆ. ಸೆಲೆಕ್ಷನ್ 795 ಅಂತ ಪ್ಯಾಕೆಟ್ ಮೇಲೆ ಇತ್ತಲ್ಲ, ಅದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ತಳಿ, 1940ರ ದಶಕದ್ದು. ಎಲೆ ತುಕ್ಕು ರೋಗ ತಡೆಯಲಿ ಅಂತ ಮಾಡಿದ್ದು. ಇವತ್ತಿಗೂ ರುಚಿಗೆ ಅದನ್ನೇ ಹುಡುಕುವವರಿದ್ದಾರೆ. ತಳಿ ಕೆಲಸದ ಒಂದು ಭಾಗ ನಮ್ಮ ಊರಲ್ಲೂ ನಡೆಯುತ್ತದೆ, ಕಾಫಿ ಬೋರ್ಡ್‌ನ ಜೈವಿಕ ತಂತ್ರಜ್ಞಾನ ವಿಭಾಗ ಇರೋದು ಮಾನಸಗಂಗೋತ್ರಿಯಲ್ಲಿ.

ಕೆಟ್ಟದ್ದೇ ಬೆಲೆಬಾಳುವುದಾದ ಹಳೆಯ ಉದಾಹರಣೆ ಒಂದಿದೆ, ಮಾನ್ಸೂನ್ಡ್ ಮಲಬಾರ್. ಹಾಯಿ ಹಡಗಿನ ಕಾಲದಲ್ಲಿ ಕಾಫಿ ಆಫ್ರಿಕಾ ಸುತ್ತಿಕೊಂಡು ಯುರೋಪ್ ಮುಟ್ಟೋಕೆ ತಿಂಗಳುಗಟ್ಟಲೆ ಬೇಕು. ಸಮುದ್ರದ ತೇವ ಕುಡಿದು ಬೀಜ ಉಬ್ಬಿ, ಹಳದಿಯಾಗಿ, ಹುಳಿ ಇಳಿದಿರುತ್ತಿತ್ತು. ಅಲ್ಲಿಯವರಿಗೆ ಅದೇ ರೂಢಿಯಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಹತ್ತಿರವಾಯಿತು. ಕಾಫಿ ತಾಜಾ ಬಂತು, 'ಇದು ನಮ್ಮ ಕಾಫಿ ಅಲ್ಲ' ಅಂದರು. ಆಮೇಲೆ ಕರಾವಳಿಯ ಗೋದಾಮುಗಳಲ್ಲಿ ಬೇಕಂತಲೇ ಮುಂಗಾರಿನ ಗಾಳಿಗೆ ಬೀಜ ಒಡ್ಡುವುದು ಶುರುವಾಯಿತು. ಇವತ್ತು ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ.

ನಮ್ಮ ಊರ ಹೆಸರು ಹೊತ್ತದ್ದೂ ಒಂದಿದೆ. 'ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್', ದಪ್ಪ ಬೀಜದ, ತೊಳೆದ ಅರೇಬಿಕಾ, ನಮ್ಮ ರಫ್ತಿನ ಮೇಲ್ದರ್ಜೆ. ಚಾಮುಂಡಿ ಬೆಟ್ಟದಲ್ಲಿ ಕಾಫಿ ಬೆಳೆಯುತ್ತದಾ ಅಂತ ಹುಡುಕಬೇಡಿ. ಅದು ಹಳೆ ಮೈಸೂರು ರಾಜ್ಯದ ಹೆಸರು, ಚಿಕ್ಕಮಗಳೂರಿನ ಕಾಫಿಯೂ ಮೈಸೂರು ಕಾಫಿಯೇ ಆಗಿದ್ದ ಕಾಲದ್ದು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, ಮೂಟೆ ಮೇಲಿನ ಹೆಸರು ಹಾಗೇ ಉಳಿಯಿತು.

ಈಗ ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಆ ಕಪ್ಪು ಕವರಿನ ಪುಡಿಯನ್ನು ನಮ್ಮ ಸ್ಟೀಲ್ ಫಿಲ್ಟರಿಗೆ ಹಾಕಿದೆ. ನೀರು ಎರಡೇ ನಿಮಿಷದಲ್ಲಿ ಕೆಳಗೆ. ಹಾಲು, ಸಕ್ಕರೆ ಬೆರೆಸಿ ಅಮ್ಮನಿಗೆ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದೇನೋ, ಹುಣಸೆಹಣ್ಣು ಕಿವುಚಿದ ನೀರು ಇದ್ದ ಹಾಗಿದೆ."

ತಪ್ಪು ಪುಡಿಯದಲ್ಲ. ಮಗಳು ಅದನ್ನು ಕಾಗದದ ಶೋಧಕದಲ್ಲಿ ಸುರಿಯುವ 'ಪೋರ್ ಓವರ್'ಗೆ ಅಂತ ತರಿಯಾಗಿ ಬೀಸಿಸಿದ್ದಳು. ನಮ್ಮ ಫಿಲ್ಟರಿಗೆ ನುಣ್ಣಗೆ ಬೇಕು, ಆಗಲೇ ನೀರು ನಿಧಾನಕ್ಕೆ ಇಳಿದು ಡಿಕಾಕ್ಷನ್ ಗಟ್ಟಿಯಾಗೋದು. ಇನ್ನೊಂದು, ಹುರಿತ. ಕಡಿಮೆ ಹುರಿದರೆ ಬೀಜದ ಹುಳಿ, ಹಣ್ಣಿನ ಗುಣ ಉಳಿಯುತ್ತದೆ. ಜಾಸ್ತಿ ಹುರಿದರೆ ಅವು ಹೋಗಿ ಕಹಿ, ಸುಟ್ಟ ಸಕ್ಕರೆಯ ರುಚಿ ಬರುತ್ತದೆ. ಹಾಲಿಗೆ ಹೊಂದೋದು ಎರಡನೆಯದು. ಅದಕ್ಕೆ ಚಿಕೋರಿ ಸೇರಿದರೆ ಬಣ್ಣ, ಮಂದ ಎರಡೂ ಬರುತ್ತವೆ. ಚಿಕೋರಿ ಕಾಫಿಯೇ ಅಲ್ಲ, ಒಂದು ಗಿಡದ ಹುರಿದ ಬೇರು. ನಮ್ಮ ಕಾನೂನಿನ ಪ್ರಕಾರ ಬೆರಕೆಯಲ್ಲಿ ಕಾಫಿ 51 ಪರ್ಸೆಂಟಿಗೆ ಕಡಿಮೆ ಇರುವಂತಿಲ್ಲ, ಎಷ್ಟಿದೆ ಅಂತ ಬರೆಯಲೇಬೇಕು. ಅಂಗಡಿಯವರು ಗೀಚಿದ '80-20' ಅದೇ. ಕಡಿಮೆ ಹುರಿದ ಕಾಫಿಯನ್ನು 15 ಗ್ರಾಂಗೆ ಸುಮಾರು 240 ಮಿಲಿ ಬಿಸಿನೀರು ಹಾಕಿ, ಹಾಲಿಲ್ಲದೆ, ಸ್ವಲ್ಪ ಆರಿಸಿ ಕುಡಿಯಬೇಕು. ಮಗಳು ಹಾಗೆ ಮಾಡಿಕೊಟ್ಟಳು. ಒಣದ್ರಾಕ್ಷಿ ಸಿಕ್ಕಿತು. ಹಲಸು, ಆಣೆ ಮಾಡಿ ಹೇಳಲಾರೆ. ಅಮ್ಮ ಮಾತ್ರ "ಔಷಧಿ ಅಂದ್ಕೊಂಡ್ರೆ ಪರವಾಗಿಲ್ಲ" ಅಂದರು.

ದುಡ್ಡಿನ ಮಾತಿಗೆ ಬರೋಣ. 250 ಗ್ರಾಂನಲ್ಲಿ 16 ಲೋಟ ಅಂದರೆ ಲೋಟಕ್ಕೆ ಸುಮಾರು 39 ರೂಪಾಯಿ. ಒಂದು ಕೆಜಿ ಹಸಿ ಬೀಜಕ್ಕೆ ಐದಾರು ಕೆಜಿ ಹಣ್ಣು ಬೇಕು, ಹುರಿಯುವಾಗ ತೂಕ ಮತ್ತೆ ಇಳಿಯುತ್ತದೆ. ಹಾಗಾಗಿ ಆ ಪುಟ್ಟ ಕವರಿನೊಳಗೆ ಒಂದೂವರೆ ಕೆಜಿಗೂ ಜಾಸ್ತಿ ಹಣ್ಣಿದೆ, ಅದೂ ಒಂದೊಂದಾಗಿ ಆರಿಸಿದ್ದು. ಬೆಲೆ ಸುಮ್ನೆ ಏರಿಲ್ಲ. ಆದರೆ ಆ 620ರಲ್ಲಿ ಬೆಳೆಗಾರನಿಗೆ ಎಷ್ಟು, ಹಣ್ಣು ಆರಿಸಿದ ಹೆಂಗಸಿಗೆ ಎಷ್ಟು? ಜಾತಕದಷ್ಟು ವಿವರ ಬರೆದವರು ಅದನ್ನು ಬರೆದಿಲ್ಲ. ಬರೆಯುವ ಕಂಪನಿಗಳು ಹೊರದೇಶದಲ್ಲಿ ಕೆಲವಿವೆ, ಇಲ್ಲೂ ಬರಲಿ ಅಂತ ನನ್ನಾಸೆ.

ಇನ್ನೊಂದು ತೊಡಕನ್ನು ಗೆಳೆಯನೇ ಹೇಳಿದ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಿದ್ದು 2024ರಲ್ಲಿ ಪ್ರಪಂಚದ ಕಾಫಿ ಬೆಲೆ ಗಗನಕ್ಕೇರಿತು. ಡಿಸೆಂಬರಿನಲ್ಲಿ ಅರೇಬಿಕಾ 1977ರ ದಾಖಲೆಯನ್ನೇ ಮುರಿಯಿತು. ಮಾಮೂಲಿ ಚೆರ್ರಿ ಮೂಟೆಗೂ ಹಿಂದೆಂದೂ ಕಾಣದ ರೇಟು. "ಕಣದಲ್ಲಿ ಹರಡಿ ಮಾರಿದ್ರೇ ಇಷ್ಟು ಸಿಗೋವಾಗ ಈ ಮಂಚ, ಬ್ರಿಕ್ಸು, ಮೂರು ವಾರ ಕಾವಲು ಯಾಕೋ ಅಂತ ಮನೇಲಿ ಕೇಳ್ತಾರೆ. ಉತ್ತರ ಇಲ್ಲ ನನ್ನ ಹತ್ರ." ಬೆಲೆ ಬಿದ್ದಾಗ ಸ್ಪೆಷಾಲಿಟಿ ಕೈ ಹಿಡಿಯುತ್ತದೆ, ಏರಿದಾಗ ಹುಚ್ಚಾಟ ಅನ್ನಿಸುತ್ತದೆ. ಆಳುಗಳು ಸಿಗದ ಈ ಕಾಲದಲ್ಲಿ ಇನ್ನೂ ಜಾಸ್ತಿ.

ಆದರೂ ತೋಟದ ಹೆಸರು ಬರೆಯುವ ಕಡೆಗೇ ಕಾಲ ಹೋಗುತ್ತಿದೆ. ಕಾಡು ಕಡಿದು ಬೆಳೆದ ಕಾಫಿ ನಮಗೆ ಬೇಡ ಅಂತ ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಕಾಫಿ ಯಾವ ಜಮೀನಿನದು ಅಂತ ನಕಾಶೆಯ ಗುರುತಿನ ಸಮೇತ ತೋರಿಸಬೇಕು. ಜಾರಿ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿದೆ. ಮರದ ನೆರಳಲ್ಲಿ ಬೆಳೆಯುವ ನಮ್ಮ ಕಾಫಿಗೆ ಇದರಿಂದ ಲಾಭವೇ ಆಗಬಹುದು. ಎರಡು ಎಕರೆಯವನಿಗೆ ಕಾಗದಪತ್ರದ ಓಡಾಟ ಮಾತ್ರ ತಪ್ಪಿದ್ದಲ್ಲ.

ಮೊನ್ನೆ ಅಗ್ರಹಾರದ ಅಂಗಡಿಗೆ ಹೋದಾಗ ಮಾಮೂಲಿ ಪುಡಿ ಕಟ್ಟಿಸಿಕೊಂಡು, ಹಾಗೇ ಕೇಳಿದೆ, "ಅರೇಬಿಕಾ ಚೆರ್ರಿ ಒಂದು ನೂರು ಗ್ರಾಂ ಬೇರೆ ಕೊಡಿ, ಚಿಕೋರಿ ಬೇಡ." ಅಂಗಡಿಯವರು ತಕ್ಕಡಿಯಿಂದ ಕಣ್ಣು ಎತ್ತಿ ನನ್ನನ್ನೇ ನೋಡಿದರು.

"ಯಾಕ್ ಸಾರ್, ಹೋಟೆಲ್ ಇಟ್ರಾ?"